ಮಳಖೇಡದ ಹುಂಜಗಳೂ ಆ ಹನ್ನೆರಡು ಹೊನ್ನೂ

ತಾಂಡೂರಿನಿಂದ ವಾಡಿ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತರೆ ನವಂದಗಿ, ಕುರಗುಂಟಾ, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಇಳಿಯುವವರು ಕಡಿಮೆ. ಆದರೆ ನಮ್ಮ ತಾಂಡೂರಿನ ಪಕ್ಕ ಹರಿಯುವ ಕಾಗಿಣಾ ಹೊಳೆಯೂ ಅತ್ತಲೇ ಹೋಗುತ್ತದೆ. ಅದರ ದಂಡೆಯ ಮೇಲಿನ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿಯ ಆಸ್ಥಾನದಲ್ಲಿ ಎಂದು ನಮ್ಮ ಮಕ್ಕಳಿಗೆ ಕನ್ನಡ ಪಾಠದಲ್ಲಿ ಹೇಳುತ್ತೇವೆ. ಅದೇ ಅಮೋಘವರ್ಷ ನೃಪತುಂಗನ (814-878) ಕಾಲದ ಗಣಿತದ ಪುಸ್ತಕವೊಂದನ್ನು ಹೇಳುವುದು ಮಾತ್ರ ಮರೆತುಬಿಡುತ್ತೇವೆ.

ಆ ಪುಸ್ತಕ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಸುಮಾರು 850ರ ಹೊತ್ತಿನದು. ಭಾಷೆ ಸಂಸ್ಕೃತ. ನೃಪತುಂಗನ ಸ್ತುತಿ ಅದರ ಆರಂಭದಲ್ಲೇ ಇದೆ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಅಂದರೆ ಕಾಗಿಣಾ ದಂಡೆಯ ಲೆಕ್ಕ ಸಾವಿರ ವರ್ಷದ ಹಿಂದೆಯೇ ತೆಲುಗು ಕಲಿತಿತ್ತು! ಗಡಿಯಲ್ಲಿ ಎರಡು ಭಾಷೆಯ ನಡುವೆ ಪಾಠ ಮಾಡುವ ನನ್ನಂಥವರಿಗೆ ಇದು ಸಣ್ಣ ಸಮಾಧಾನವೇನಲ್ಲ. 1912ರಲ್ಲಿ ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚು ಹಾಕಿಸಿದ ಮೇಲೆ ಜಗತ್ತಿಗೆ ಈ ಹೆಸರು ಗೊತ್ತಾಯಿತು.

ಇರಲಿ, ವಿಷಯಕ್ಕೆ ಬರೋಣ. ಆ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಒಂದು ಜೂಜಿನ ಲೆಕ್ಕವಿದೆ. ಹುಂಜದ ಕಾಳಗ ನಡೆಯುತ್ತಿದೆ. ಮಂತ್ರ, ಔಷಧಿ ಬಲ್ಲ ಒಬ್ಬ ಮನುಷ್ಯ ಅಲ್ಲಿಗೆ ಬರುತ್ತಾನೆ. ಒಬ್ಬ ಹುಂಜದ ಮಾಲೀಕನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುತ್ತಾನೆ: ನಿನ್ನ ಹುಂಜ ಗೆದ್ದರೆ ನಿನ್ನ ಪಣದ ಹಣ ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲು ನಾನೇ ನಿನಗೆ ಕೊಡುತ್ತೇನೆ. ಆಮೇಲೆ ಇನ್ನೊಬ್ಬನ ಹತ್ತಿರ ಹೋಗಿ ಅದೇ ಮಾತು ಹೇಳುತ್ತಾನೆ, ಆದರೆ ಸೋತರೆ ನಾಲ್ಕರಲ್ಲಿ ಮೂರು ಪಾಲು ಕೊಡುವುದಾಗಿ. ಯಾವ ಹುಂಜ ಗೆದ್ದರೂ ಅವನಿಗೆ ಉಳಿಯುವ ಲಾಭ ಹನ್ನೆರಡೇ. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಒಂಬತ್ತನೇ ತರಗತಿಯವರಿಗೆ ಇದು ಕಷ್ಟವಲ್ಲ. ಎರಡು ಅವ್ಯಕ್ತ, ಎರಡು ಸಮೀಕರಣ. ಮೊದಲನೆಯವನ ಪಣ 42, ಎರಡನೆಯವನದು 40. ಮೊದಲನೆಯವನು ಗೆದ್ದರೆ ಮಂತ್ರದವನಿಗೆ 42 ಬರುತ್ತದೆ, ಸೋತವನಿಗೆ ಅವನು 40ರ ಮುಕ್ಕಾಲು ಅಂದರೆ 30 ಕೊಡುತ್ತಾನೆ, ಉಳಿಕೆ 12. ಎರಡನೆಯವನು ಗೆದ್ದರೆ 40 ಬರುತ್ತದೆ, 42ರ ಮೂರರಲ್ಲಿ ಎರಡು ಪಾಲು 28 ಹೋಗುತ್ತದೆ, ಉಳಿಕೆ ಮತ್ತೆ 12. ಉತ್ತರ ಬಂತು, ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಬಹುದು. ನಾನೂ ಎಷ್ಟೋ ವರ್ಷ ಹಾಗೇ ಹೋಗುತ್ತಿದ್ದೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಅವ ಇಬ್ರಿಗೂ ಸುಳ್ಳು ಹೇಳಿಲ್ಲ. ಕೊಡ್ತೀನಿ ಅಂದಿದ್ದು ಕೊಟ್ಟಾನ. ಆದ್ರೂ ಹನ್ನೆರಡು ಅವನ ಕಿಸೆದಾಗ ಹೋತು. ಅದು ಯಾರ ರೊಕ್ಕರಿ?" ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ಉತ್ತರ ನನಗೂ ಥಟ್ಟನೆ ಹೊಳೆಯಲಿಲ್ಲ.

ಆ ದಿನ ನಾವೆಲ್ಲ ಸೇರಿ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಸೋತವನ ಪಣ ಗೆದ್ದವನಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯವನು ಗೆದ್ದ. ಎದುರಾಳಿಯಿಂದ 40 ಬಂತು, ಮಂತ್ರದವನಿಗೆ 42 ಕೊಟ್ಟ. ಗೆದ್ದೂ ಎರಡು ಕಳೆದುಕೊಂಡ! ಎರಡನೆಯವನು 40 ಸೋತು 30 ವಾಪಸ್ ಪಡೆದ, ಅಂದರೆ ಹತ್ತು ಹೋಯಿತು. ಎರಡೂ ಕೂಡಿದರೆ ಹನ್ನೆರಡು. ಇನ್ನೊಂದು ಸಲ ಎರಡನೆಯವನು ಗೆದ್ದ ಎನ್ನಿ. 42 ಬಂತು, 40 ಕೊಟ್ಟ, ಎರಡು ಉಳಿಯಿತು. ಮೊದಲನೆಯವನು 42 ಸೋತು 28 ಪಡೆದ, ಹದಿನಾಲ್ಕು ಹೋಯಿತು. ಹದಿನಾಲ್ಕರಲ್ಲಿ ಎರಡು ಗೆದ್ದವನಿಗೆ, ಹನ್ನೆರಡು ಮತ್ತೆ ಮಂತ್ರದವನಿಗೆ. ಮೊದಲನೆಯವನನ್ನೇ ನೋಡಿ: ಗೆದ್ದರೂ ನಷ್ಟ, ಸೋತರೂ ನಷ್ಟ. ಆದರೂ ಆ ಮಾತಿಗೆ ಒಪ್ಪಿಕೊಂಡ.

ಯಾಕೆ ಒಪ್ಪಿಕೊಂಡ? ಮಹಾವೀರ ಹೇಳುವುದಿಲ್ಲ, ಅವನಿಗೆ ಬೇಕಾದದ್ದು ಲೆಕ್ಕ. ಆದರೆ ಕಾಳಗದ ಕಣದಲ್ಲಿ ನಿಂತವರಿಗೆ ಗೊತ್ತು. ಹುಂಜ ರೆಕ್ಕೆ ಬಿಚ್ಚಿದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಸುತ್ತ ಜನ ಕೇಕೆ ಹಾಕುತ್ತಿರುತ್ತಾರೆ. ಆ ಹೊತ್ತಿನಲ್ಲಿ ಯಾರೋ ಕಿವಿಯಲ್ಲಿ ಸೋತರೂ ಎರಡು ಪಾಲು ವಾಪಸ್ ಎಂದರೆ ಭಯ ಅರ್ಧ ಇಳಿಯುತ್ತದೆ. ಇನ್ನು ಗೆದ್ದರೆ, ಹಣ ಹೋದರೇನು, ಹುಂಜ ಗೆದ್ದ ಹೆಸರಂತೂ ತನ್ನದೇ. ಮಂತ್ರದವನಿಗೆ ಇದ್ಯಾವುದೂ ಇಲ್ಲ. ಯಾವ ಹುಂಜ ಬಲವಾದದ್ದು ಎಂದು ತಿಳಿಯುವ ಅಗತ್ಯವೂ ಅವನಿಗಿಲ್ಲ. ಕಣದ ಕಡೆ ಬೆನ್ನು ಮಾಡಿ ಕುಳಿತರೂ ಅವನ ಹನ್ನೆರಡು ಬಂದೇ ಬರುತ್ತದೆ. (ಮಂತ್ರೌಷಧಿ ಬಲ್ಲವನು ಎಂದು ಮಹಾವೀರ ಅವನನ್ನು ಕರೆದದ್ದು ತಮಾಷೆಗೇ ಇರಬೇಕು ಎಂದು ನನಗೆ ಅನಿಸುತ್ತದೆ. ಅವನ ಹತ್ತಿರ ಇದ್ದ ಮಂತ್ರ ಭಿನ್ನರಾಶಿ ಮಾತ್ರ.)

ಜೂಜಿನಲ್ಲಿ ಲೆಕ್ಕ ಬೇರೆ, ಉಮೇದು ಬೇರೆ ಎಂಬುದು ನಮ್ಮವರಿಗೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲೇ ಜೂಜುಗಾರನ ಸೂಕ್ತವಿದೆ. ದಾಳ ಉರುಳುವುದನ್ನು ಕಂಡರೆ ಅವನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಬಿಟ್ಟುಬಿಡು, ಹೊಲ ಉಳು ಎಂಬ ಬುದ್ಧಿಮಾತು ಅಲ್ಲೇ ಇದೆ. ನಳನ ಕಥೆ ಇನ್ನೂ ಸೊಗಸು. ರಾಜ್ಯ ಸೋತ ನಳ ಋತುಪರ್ಣನ ಸಾರಥಿಯಾಗಿದ್ದಾಗ, ಋತುಪರ್ಣ ದಾರಿಯ ತಾರೆ ಮರವೊಂದನ್ನು ನೋಡಿ ಅದರ ಎಲೆ, ಕಾಯಿ ಎಷ್ಟೆಂದು ಅಂದಾಜು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿದೆ! ಆ ಎಣಿಕೆಯ ವಿದ್ಯೆಯ ಜೊತೆಗೇ ದಾಳದ ಗುಟ್ಟನ್ನೂ ಕಲಿಯುತ್ತಾನೆ. ಕಲಿತ ಕೂಡಲೇ ಅವನ ಮೈಯೊಳಗಿದ್ದ ಕಲಿ ಹೊರಗೆ ಬೀಳುತ್ತಾನೆ. ಧರ್ಮರಾಯನಿಗೆ ಅಂಥ ಗುರು ಮೊದಲೇ ಸಿಕ್ಕಿದ್ದರೆ ಸಭಾಪರ್ವ ಬೇರೆಯೇ ಆಗುತ್ತಿತ್ತೇನೋ.

ಮಹಾವೀರನ ಅದೇ ಅಧ್ಯಾಯದಲ್ಲಿ ಇನ್ನೊಂದು ಸೂತ್ರವಿದೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದನ್ನು ಸಾಮಾನ್ಯ ಸೂತ್ರವಾಗಿ ಬರೆದ ಮೊದಲಿಗರಲ್ಲಿ ಅವನೂ ಒಬ್ಬ. ಅವನ ಉದಾಹರಣೆ ಊಟದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರುಚಿಗಳಲ್ಲಿ ಒಂದೊಂದಾಗಿ, ಎರಡೆರಡಾಗಿ, ಹೀಗೆ ಬೆರೆಸಿದರೆ ಒಟ್ಟು 63. ಇದೇ ಸೂತ್ರವನ್ನು 52 ಎಲೆಯ ಇಸ್ಪೀಟಿಗೆ ಹಾಕಿ ಐದೈದು ಎಲೆ ಆರಿಸಿದರೆ 25,98,960 ಬಗೆ. ಇಸ್ಪೀಟು ನಮ್ಮ ದೇಶಕ್ಕೆ ಬಂದದ್ದು ಅವನ ಕಾಲಕ್ಕೆ ಎಷ್ಟೋ ಶತಮಾನ ಆಮೇಲೆ. ಲೆಕ್ಕ ಮಾತ್ರ ಮೊದಲೇ ಸಿದ್ಧವಾಗಿತ್ತು.

ಈ ಐದೆಲೆಯ ಲೆಕ್ಕದ ಮೇಲೇ ನಡೆಯುವ ಯಂತ್ರ ಅಮೆರಿಕದಲ್ಲಿದೆ. ಅದಕ್ಕೆ ವಿಡಿಯೋ ಪೋಕರ್ ಎನ್ನುತ್ತಾರೆ. 1979ರಲ್ಲಿ ಸೈ ರೆಡ್ ಎಂಬುವನ ಕಂಪನಿ ಅದನ್ನು ನೆವಾಡದ ಜೂಜುಕಟ್ಟೆಗಳಿಗೆ ತಂದಿತು. ನಾಣ್ಯ ಹಾಕಿದರೆ ಪರದೆಯ ಮೇಲೆ ಐದು ಎಲೆ ಬರುತ್ತವೆ. ಬೇಕಾದವನ್ನು ಹಿಡಿದು, ಬೇಡವಾದವನ್ನು ಬಿಟ್ಟು ಒಂದೇ ಸಲ ಬದಲಾಯಿಸಬಹುದು. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಯಂತ್ರದ ಮೇಲೇ ಬರೆದ ಪಟ್ಟಿಯಂತೆ ಹಣ. ಎದುರಾಳಿ ಇಲ್ಲ, ಮುಖ ನೋಡಿ ಮೋಸ ಹಿಡಿಯುವುದಿಲ್ಲ. ಬರೀ ಆಯ್ಕೆ. ಹೀಗಾಗಿ ಪ್ರತಿ ಕೈಗೂ ಅತ್ಯುತ್ತಮ ಆಯ್ಕೆ ಯಾವುದು ಎಂದು ಪೈಸೆಯವರೆಗೂ ಲೆಕ್ಕ ಹಾಕಿಟ್ಟಿದ್ದಾರೆ.

ಒಂದು ಕೈ ನೋಡೋಣ. ಆಟೀನು ರಾಜ, ಇಸ್ಪೀಟು ರಾಜ, ಆಟೀನಿನ 9, 6, 3. ಎರಡು ರಾಜ ಇದ್ದರೆ ಹಾಕಿದ ರೂಪಾಯಿ ವಾಪಸ್. ಐದೂ ಆಟೀನು ಆದರೆ ಆರು ರೂಪಾಯಿ. ಈಗಾಗಲೇ ನಾಲ್ಕು ಆಟೀನು ಇವೆ, ಒಂದೇ ಒಂದು ಬೇಕು! ಕೈ ತಾನಾಗಿಯೇ ಇಸ್ಪೀಟು ರಾಜನನ್ನು ಬಿಸಾಡಲು ಹೋಗುತ್ತದೆ. ಲೆಕ್ಕ ಏನು ಹೇಳುತ್ತದೆ? ಉಳಿದ 47 ಎಲೆಗಳಲ್ಲಿ ಆಟೀನು 9, ಒಂದೊಂದಕ್ಕೆ ಆರರಂತೆ 54. ಉಳಿದ ಎರಡು ರಾಜರಲ್ಲಿ ಒಬ್ಬ ಬಂದರೆ ಜೋಡಿಯಾಗಿ ಒಂದೊಂದು ರೂಪಾಯಿ, ಅಲ್ಲಿಗೆ 56. ಇದನ್ನು 47ರಿಂದ ಭಾಗಿಸಿದರೆ ಸರಾಸರಿ 1 ರೂಪಾಯಿ 19 ಪೈಸೆ. ಎರಡು ರಾಜರನ್ನು ಹಿಡಿದುಕೊಂಡು ಮೂರು ಎಲೆ ಬದಲಾಯಿಸಿದರೆ ಸರಾಸರಿ ಸುಮಾರು 1 ರೂಪಾಯಿ 54 ಪೈಸೆ. ಅಂದರೆ ಐದನೆಯ ಆಟೀನು ಬರುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನೋಡುವ ಆ ಒಂದು ಕ್ಷಣದ ಬೆಲೆ, ರೂಪಾಯಿಗೆ 35 ಪೈಸೆ. ಉಮೇದಿಗೆ ಇಷ್ಟು ಖಚಿತವಾದ ಬೆಲೆಪಟ್ಟಿ ಬೇರೆಲ್ಲೂ ನಾನು ಕಂಡಿಲ್ಲ.

ಹಾಗಾದರೆ ಪ್ರತಿ ಸಲವೂ ಲೆಕ್ಕದ ಪ್ರಕಾರವೇ ಆಡಿದರೆ ಗೆಲ್ಲಬಹುದೇ? ಅದೂ ಇಲ್ಲ. ಈ ಆಟದ ಹೆಸರಾದ ಯಂತ್ರವೊಂದರಲ್ಲಿ, ಒಂದೂ ತಪ್ಪು ಮಾಡದೆ ಆಡಿದವನಿಗೆ ನೂರಕ್ಕೆ 99.54 ವಾಪಸ್ ಬರುತ್ತದೆ. ನೂರಕ್ಕೆ 46 ಪೈಸೆ ಯಂತ್ರದ್ದು. ಒಂದು ಕೈಗೆ ಐದು ರೂಪಾಯಿಯಂತೆ ಗಂಟೆಗೆ 600 ಕೈ ಆಡಿದರೆ ಮೂರು ಸಾವಿರದ ಆಟ, ಸುಮಾರು ಹದಿನಾಲ್ಕು ರೂಪಾಯಿ ನಷ್ಟ. (ಮಹಾವೀರನ ಹನ್ನೆರಡಕ್ಕೆ ಎಷ್ಟು ಹತ್ತಿರ ನೋಡಿ!) ಆದರೆ ಆ 99.54ರಲ್ಲಿ ಸುಮಾರು ಎರಡು ರೂಪಾಯಿ ಒಂದೇ ಕೈಯಿಂದ ಬರಬೇಕು: ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಅದು ಸರಾಸರಿ ನಲವತ್ತು ಸಾವಿರ ಕೈಗೊಮ್ಮೆ. ಅರವತ್ತೇಳು ಗಂಟೆಗೊಮ್ಮೆ ಎಂದಿಟ್ಟುಕೊಳ್ಳಿ. ಅದು ಬಾರದ ಗಂಟೆಗಳಲ್ಲಿ ನಷ್ಟ ಹದಿನಾಲ್ಕಲ್ಲ, ಎಪ್ಪತ್ತಕ್ಕೂ ಹೆಚ್ಚು. ಹಾಗೆ ಅಷ್ಟು ಗಂಟೆ, ತಪ್ಪಿಲ್ಲದೆ, ಉಮೇದಿಗೆ ಒಮ್ಮೆಯೂ ಸೋಲದೆ ಗುಂಡಿ ಒತ್ತುವುದನ್ನು ಆಟ ಎನ್ನಬೇಕೋ ಕೂಲಿ ಎನ್ನಬೇಕೋ ನನಗೆ ತಿಳಿಯದು.

ಇನ್ನೊಂದು ಮಾತು. ಅದೇ ಯಂತ್ರದ ಪಟ್ಟಿಯಲ್ಲಿ ಎರಡು ಅಂಕಿ ಮಾತ್ರ ಬದಲಾಯಿಸುತ್ತಾರೆ, 9 ಇದ್ದಲ್ಲಿ 8, 6 ಇದ್ದಲ್ಲಿ 5. ಎಲೆಗಳು ಅವೇ, ಬಣ್ಣ ಅದೇ, ಉಮೇದಿನಲ್ಲಿ ಒಂದು ಗುಂಜಿಯೂ ಕಡಿಮೆಯಿಲ್ಲ. ಆದರೆ ನೂರಕ್ಕೆ 46 ಪೈಸೆ ಇದ್ದ ನಷ್ಟ 2 ರೂಪಾಯಿ 70 ಪೈಸೆ ಆಗುತ್ತದೆ, ಹತ್ತಿರಹತ್ತಿರ ಆರು ಪಟ್ಟು. ಅತ್ಯುತ್ತಮ ಆಟಗಾರನೂ ಆ ಎರಡು ಅಂಕಿಯನ್ನು ತಿದ್ದಲಾರ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತುವಾಗಲೂ ಉಮೇದಿಗೇ ದುಡ್ಡು ಕೊಡುತ್ತೇವೆ, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಝರಾಸಂಗಮದ ಜಾತ್ರೆಗೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗುವವನು. ಆದರೆ ತೊಟ್ಟಿಲಿನ ಟಿಕೆಟ್ಟಿನ ದರ ಹತ್ತುವ ಮೊದಲೇ ಗೊತ್ತಿರುತ್ತದೆ, ಇಳಿದ ಮೇಲೆ ಅದು ಬೆಳೆಯುವುದಿಲ್ಲ.

ಅಮೆರಿಕದ ಯಂತ್ರ ನಮ್ಮೂರಿಗೆ ಬಂದಿಲ್ಲ. ಆದರೆ ಯಾವ ಎಲೆ ಹಿಡಿಯಬೇಕು, ಯಾವುದು ಬಿಡಬೇಕು ಎಂಬ ಪ್ರಶ್ನೆ ನಮ್ಮ ಹೈದರಾಬಾದ್ ನೆಲದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಜಹೀರಾಬಾದ್, ನಾರಾಯಣಖೇಡ ಆಗ ಬೀದರ ಜಿಲ್ಲೆಯವು, ತಾಂಡೂರು ಗುಲಬರ್ಗಾದ್ದು. 1956ರ ನವೆಂಬರ್ 1ರಂದು ನಾವು ಆಂಧ್ರಪ್ರದೇಶಕ್ಕೆ ಸೇರಿದೆವು. ಸರ್ಕಾರ ಬದಲಾಯಿತು, ಆದರೆ ಜೂಜಿಗೆ ನಿಜಾಮರ ಕಾಲದ ಕಾನೂನೇ ಮುಂದುವರಿಯಿತು. ಅದು 1305 ಫಸಲಿಯ ಹೈದರಾಬಾದ್ ಜೂಜಿನ ಕಾಯ್ದೆ. 1963ರಲ್ಲಿ ಪೊಲೀಸರು ಸಿಕಂದರಾಬಾದಿನ ಕ್ಲಬ್ಬೊಂದಕ್ಕೆ ದಾಳಿ ಮಾಡಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದವರನ್ನು ಹಿಡಿದದ್ದು ಈ ಕಾಯ್ದೆಯ ಕೆಳಗೇ.

1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ತೀರ್ಪು ಬಂತು. ರಮ್ಮಿ ಮೂರೆಲೆ ಆಟದಂತೆ ಬರೀ ಅದೃಷ್ಟವಲ್ಲ, ಬಿದ್ದ ಎಲೆ ನೆನಪಿಡಬೇಕು, ಹಿಡಿಯುವುದರಲ್ಲಿ ಬಿಡುವುದರಲ್ಲಿ ಜಾಣತನ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದರು. ಅಲ್ಲಿಂದ ಮುಂದೆ ಅರ್ಧ ಶತಮಾನ ಎಲ್ಲರೂ ಹಿಡಿದುಕೊಂಡದ್ದು ಈ ಒಂದು ಮಾತನ್ನು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಕ್ಲಬ್ಬಿನ ಒಡೆಯ ಆ ರಮ್ಮಿಯಿಂದ ಲಾಭ ಮಾಡಿಕೊಳ್ಳುತ್ತಿದ್ದಾನೆ ಎಂದು ರುಜುವಾತಾದರೆ ಅದು ಅಪರಾಧವಾಗಬಹುದು ಎಂಬ ಅರ್ಥದ್ದು. ಮಹಾವೀರನ ಹನ್ನೆರಡನ್ನು ಕೇಳಿದ ಹಾಗೇ ಇದೆ ಅಲ್ಲವೇ? ಆದರೆ ಆ ಮಾತನ್ನು ಎತ್ತಿ ಆಡಿದವರು ಕಡಿಮೆ. ಕೌಶಲವೋ ಅದೃಷ್ಟವೋ ಎಂಬ ಜಗಳ ಎರಡು ಹುಂಜಗಳ ನಡುವಿನದು. ಹುಂಜ ಎಷ್ಟೇ ಜಾಣನಾದರೂ ಹನ್ನೆರಡು ಕಣದಿಂದ ಹೊರಗೆ ಹೋಗುವುದು ನಿಲ್ಲುವುದಿಲ್ಲ.

ಮೊಬೈಲಿನಲ್ಲಿ ರಮ್ಮಿ ಬಂದ ಮೇಲೆ ಇದು ಸ್ಪಷ್ಟವಾಯಿತು. ಆಡುವವರು ಇಬ್ಬರು, ಕಂಪನಿ ಯಾರ ಪಕ್ಷವೂ ಅಲ್ಲ. ಯಾರು ಗೆದ್ದರೂ ಪ್ರತಿ ಆಟದ ಹಣದಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು. ತೆಲಂಗಾಣ 2017ರಲ್ಲಿ ಕಾಯ್ದೆ ತಿದ್ದಿ ಹಣದ ರಮ್ಮಿಗೆ ಕೌಶಲದ ವಿನಾಯಿತಿ ತೆಗೆದುಹಾಕಿತು. ಕರ್ನಾಟಕದಲ್ಲೂ 2021ರಲ್ಲಿ ನಿಷೇಧ ಬಂತು, ಆದರೆ 2022ರ ಫೆಬ್ರವರಿ 14ರಂದು ಅಲ್ಲಿಯ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಹೀಗಾಗಿ ಕೆಲವು ವರ್ಷ ನಮ್ಮ ಗಡಿಯಲ್ಲಿ ವಿಚಿತ್ರ ನಡೆಯಿತು. ಈ ಕಡೆ ತೆರೆಯದ ಆ್ಯಪ್ ಬೀದರ ದಾರಿಯಲ್ಲಿ ಗಡಿ ದಾಟಿದರೆ ತೆರೆಯುತ್ತಿತ್ತು. ಸಂಜೆ ಹೊತ್ತು ಬೈಕು ಹತ್ತಿ ಗಡಿಯ ಆಚೆ ಚಹಾದಂಗಡಿಗೆ ಹೋಗುವ ಹುಡುಗರು ಚಹಾಕ್ಕೆ ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ.

ಮೊದಲು ಹೇಳಿದೆನಲ್ಲ, ಆ ರೊಕ್ಕ ಯಾರದು ಎಂದು ಕೇಳಿದ ಹಿಂದಿನ ಬೆಂಚಿನ ಹುಡುಗ. ಅವನ ಅಣ್ಣ ಆ ಚಹಾದಂಗಡಿಯ ಗಿರಾಕಿ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ತೊಗರಿ ಮಾರಿ ಬಂದ ಹಣದಲ್ಲಿ ಮನೆಗೆ ಏನೂ ಉಳಿದಿಲ್ಲ ಎಂದು ಅವರ ತಂದೆ ಶಾಲೆಗೆ ಬಂದು ಹೇಳಿಕೊಂಡಾಗ. ಅಣ್ಣ ದಡ್ಡನಲ್ಲ, ನನ್ನ ಹತ್ತಿರವೇ ಓದಿದವನು, ಲೆಕ್ಕದಲ್ಲಿ ಚುರುಕು. "ನಾ ಗೆಲ್ತಿದ್ದೆ ಸರ್, ಗೆದ್ದದ್ದೇ ಹೆಚ್ಚು" ಎಂದ. ಅವನು ಸುಳ್ಳು ಹೇಳಿರಲಿಕ್ಕಿಲ್ಲ. ಮಳಖೇಡದ ಮೊದಲನೆಯ ಮಾಲೀಕನೂ ಗೆದ್ದೇ ಎರಡು ಕಳೆದುಕೊಂಡಿದ್ದ. ನಾನು ಅವನಿಗೆ ಎಂಟು ವರ್ಷ ಶೇಕಡಾ ಲೆಕ್ಕ, ಲಾಭ ನಷ್ಟ ಕಲಿಸಿದ್ದೆ. ಈ ಒಂದು ಲೆಕ್ಕ ಕಲಿಸಿರಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದ ಅದರಲ್ಲಿಲ್ಲ. ಕಂಪನಿಗಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ಕಾನೂನಿನ ಮಾತು ಕಾನೂನು ಬಲ್ಲವರಿಗೆ ಬಿಡೋಣ. ನನ್ನ ಕೈಯಲ್ಲಿರುವುದು ಸೀಮೆಸುಣ್ಣ.

ಈಗ ಪ್ರತಿ ವರ್ಷ ಒಂಬತ್ತನೇ ತರಗತಿಗೆ ಮಹಾವೀರನ ಲೆಕ್ಕ ಕೊಟ್ಟು, ಭಿನ್ನರಾಶಿ ಬದಲಾಯಿಸಿ ತಮ್ಮದೇ ಲೆಕ್ಕ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಒಬ್ಬ ಅರ್ಧ ಮತ್ತು ಮೂರರಲ್ಲಿ ಎರಡು ಪಾಲು ಹಾಕಿ ಪಣ 30, 27 ಎಂದು ತಂದ, ಸರಿಯಾಗಿತ್ತು. ಕಳೆದ ಸಲ ಒಬ್ಬ ಹುಡುಗಿ ಹುಂಜದ ಜಾಗದಲ್ಲಿ ಎರಡು ಮೊಬೈಲ್ ಬರೆದಿದ್ದಳು. ಇಬ್ಬರಿಗೂ ಒಂದೇ ಮಾತು: ಗೆದ್ದರೆ ಪಣದಷ್ಟು ನನಗೆ, ಸೋತರೆ ನೂರಕ್ಕೆ ತೊಂಬತ್ತು ವಾಪಸ್. ಲಾಭ ಅದೇ ಹನ್ನೆರಡು. ಪಣ ಇಬ್ಬರದೂ 120 ಬರುತ್ತದೆ. ಗೆದ್ದವನು 120 ತಗೊಂಡು 120 ಕೊಡುತ್ತಾನೆ, ಸೋತವನು 120 ಕೊಟ್ಟು 108 ತಗೊಳ್ಳುತ್ತಾನೆ. ಉತ್ತರದ ಕೆಳಗೆ ಕೆಂಪು ಪೆನ್ನಿನಲ್ಲಿ, ಜಾಹೀರಾತಿನ ಹಾಗೆ ದೊಡ್ಡಕ್ಷರದಲ್ಲಿ, ಚೌಕ ಹಾಕಿ ಬರೆದಿದ್ದಳು: "90% ವಾಪಸ್! ಇಂದೇ ಆಡಿ!"